ಸುದ್ದಿ ಹೇಳಲು ಅಪ್ಪ ಸೈಕಲ್ ಮೇಲೆ ಹೋಗುತ್ತಿದ್ದರು

ಸಂಪಾದಕರೇ, ನಮಸ್ಕಾರ.

ನಮ್ಮ ಅಪ್ಪ ತೀರಿಕೊಂಡ ಸುದ್ದಿ ನನಗೆ ಗೊತ್ತಾಗಿದ್ದು ಫೋನಿನಲ್ಲಿ ಯಾರದೋ ಸ್ಟೇಟಸ್ ನೋಡಿ. ನಾನು ಅಣ್ಣಿಗೇರಿಯಲ್ಲಿ ಶಾಲೆ ಟೀಚರ್, ಹುಬ್ಬಳ್ಳಿಯಿಂದ ದಿನಾ ಬಸ್ಸಿಗೆ ಹೋಗಿ ಬರುತ್ತೇನೆ. ಆವತ್ತು ಮನೆ ಬಿಡುವಾಗ ಅಪ್ಪ ಕಟ್ಟೆ ಮೇಲೆ ಕೂತು ಪೇಪರ್ ಓದುತ್ತಿದ್ದರು. "ಛತ್ರಿ ತಗೊಂಡಿಯೇನವಾ, ಮೋಡ ಆಗೇತಿ" ಅಂದರು. ಬಸ್ಸು ನಲವಡಿ ದಾಟಿತ್ತು. ಸುಮ್ನೆ ಫೋನ್ ತೆಗೆದು ನೋಡುತ್ತಿದ್ದೆ. ದೂರದ ಸಂಬಂಧಿಕರೊಬ್ಬರು ಅಪ್ಪನ ಫೋಟೋ ಹಾಕಿದ್ದರು. ರಿಟೈರ್ ಆದ ದಿನದ್ದು, ಕೊರಳಲ್ಲಿ ಹಾರ ಹಾಕಿಕೊಂಡು ನಗುತ್ತಿರುವ ಫೋಟೋ, ಮನೆಯ ಗ್ರೂಪಿಗೆ ನಾನೇ ಕಳಿಸಿದ್ದು. ಇವರ್ಯಾಕೆ ಇದನ್ನು ಈಗ ಹಾಕಿದ್ದಾರೆ ಅಂದುಕೊಂಡೆ. ಆಮೇಲೆ ಕೆಳಗಿನ ಅಕ್ಷರ ಓದಿದೆ. 'ಭಾವಪೂರ್ಣ ಶ್ರದ್ಧಾಂಜಲಿ' ಅಂತಿತ್ತು.

ತಮ್ಮ ಆ ಹೊತ್ತಿಗೆ ಇನ್ನೂ ಆಸ್ಪತ್ರೆ ಬಾಗಿಲಲ್ಲಿದ್ದ, ಅವನಿಗೆ ಫೋನ್ ಮಾಡಲೂ ಕೈ ಬಂದಿರಲಿಲ್ಲ. ಪಕ್ಕದ ಸೀಟಿನಲ್ಲಿ ಯಾರೋ ಅಜ್ಜಿ ಕೂತಿದ್ದರು, ಸಂತೆಗೆ ಹೊರಟವರು. ಅವರು ನನ್ನ ತಲೆ ಹಿಡಿದುಕೊಂಡರು. ಕಂಡಕ್ಟರ್ ಬಸ್ಸು ನಿಲ್ಲಿಸಿ, ಎದುರಿಗೆ ಬಂದ ಹುಬ್ಬಳ್ಳಿ ಬಸ್ಸಿಗೆ ಕೈ ಮಾಡಿ ಹತ್ತಿಸಿ ಕಳಿಸಿದರು. ಆ ಇಬ್ಬರನ್ನು ಇವತ್ತಿಗೂ ನೆನೆಯುತ್ತೇನೆ. ಸ್ಟೇಟಸ್ ಹಾಕಿದವರ ಮೇಲೆ ಸಿಟ್ಟಿಲ್ಲ, ಅವರು ಪ್ರೀತಿಯಿಂದಲೇ ಹಾಕಿದ್ದು. ಆದರೆ ಅಪ್ಪನ ಸುದ್ದಿ ಹೀಗೆ ಬಂತಲ್ಲ ಅನ್ನೋದು ಮಾತ್ರ ಎರಡು ವರ್ಷವಾದರೂ ಒಳಗೆ ಚುಚ್ಚುತ್ತಲೇ ಇದೆ. ಯಾಕೆ ಅಂತ ಹೇಳಬೇಕಾದರೆ ಅಪ್ಪ ಏನು ಕೆಲಸ ಮಾಡುತ್ತಿದ್ದರು ಅಂತ ಹೇಳಬೇಕು.

ಅಪ್ಪ ಪೊಲೀಸ್. ಹಾನಗಲ್ ಕಡೆಯ ರೈತರ ಮಗ. 1982ರಲ್ಲಿ ಕಾನ್‌ಸ್ಟೆಬಲ್ ಆಗಿ ಸೇರಿ, ಹೆಡ್ ಕಾನ್‌ಸ್ಟೆಬಲ್ ಆಗಿ, 2019ರ ಮೇ ಕೊನೆಗೆ ಎಎಸ್‌ಐ ಆಗಿ ರಿಟೈರ್ ಆದರು. ಅವರು ಸೇರಿದಾಗ ಹಾವೇರಿ, ಗದಗ ಎಲ್ಲ ಧಾರವಾಡ ಜಿಲ್ಲೆಯೇ. ಮೊದಮೊದಲು ರಾಣೆಬೆನ್ನೂರು ಕಡೆ ಇದ್ದರು, 1997ರಲ್ಲಿ ಜಿಲ್ಲೆ ಒಡೆಯುವ ಹೊತ್ತಿಗೆ ಹುಬ್ಬಳ್ಳಿಗೆ ಬಂದಿದ್ದರು, ಇಲ್ಲೇ ಉಳಿದರು. ದೊಡ್ಡ ಕಳ್ಳರನ್ನು ಹಿಡಿದವರಲ್ಲ. ಪದಕ ಬರಲಿಲ್ಲ. ಪೇಪರಿನಲ್ಲಿ ಅವರ ಹೆಸರು ಬಂದಿದ್ದನ್ನು ನಾನು ನೋಡಿಲ್ಲ. ಎಲ್ಲರಂತೆ ನೈಟ್ ಬೀಟ್, ಜಾತ್ರೆ ಬಂದೋಬಸ್ತ್, ಸಮನ್ಸ್ ಕೊಡೋದು, ವಾರಂಟ್ ಹಿಡಿದು ಊರೂರು ಅಲೆಯೋದು.

ಆದರೆ ಸ್ಟೇಷನ್ನಿನಲ್ಲಿ ಒಂದು ಕೆಲಸ ಬಂದರೆ ಎಲ್ಲರೂ ಅಪ್ಪನನ್ನೇ ಹುಡುಕುತ್ತಿದ್ದರು. ಯಾರೋ ಸತ್ತರೆ ಅವರ ಮನೆಗೆ ಹೋಗಿ ಹೇಳುವ ಕೆಲಸ.

ಈ ಕೆಲಸದ ಬಗ್ಗೆ ಜನರಿಗೆ ಅಷ್ಟಾಗಿ ಗೊತ್ತಿಲ್ಲ ಅನಿಸುತ್ತೆ. ಹೈವೇಯಲ್ಲಿ ಅಪಘಾತ ಆಗಲಿ, ರೈಲಿಗೆ ಸಿಕ್ಕಲಿ, ಕೆರೆಯಲ್ಲಿ ಹೆಣ ತೇಲಲಿ, ಮೊದಲು ಅಲ್ಲಿನ ಪೊಲೀಸರು ಹೋಗುತ್ತಾರೆ. ಜೇಬಿನಲ್ಲಿ ಚೀಟಿಯೋ ಲೈಸೆನ್ಸೋ ಸಿಕ್ಕರೆ ಊರು ಗೊತ್ತಾಗುತ್ತೆ. ಆಗೆಲ್ಲ ಆ ಊರಿನ ಸ್ಟೇಷನ್ನಿಗೆ ವಯರ್‌ಲೆಸ್ಸಿನಲ್ಲಿ ಮೆಸೇಜ್ ಬರುತ್ತಿತ್ತು. ಇಂಥ ಊರಿನ ಇಂಥವನು, ವಯಸ್ಸು ಇಷ್ಟು, ಮನೆಯವರಿಗೆ ತಿಳಿಸುವುದು. ಎರಡೇ ಸಾಲು. ಅದನ್ನು ಹಿಡಿದುಕೊಂಡು ಒಬ್ಬ ಕಾನ್‌ಸ್ಟೆಬಲ್ ಸೈಕಲ್ ತುಳಿದುಕೊಂಡು ಹಳ್ಳಿಗೆ ಹೋಗಬೇಕು. ಮನೆಯವರು ಬಂದು ಗುರುತು ಹಿಡಿಯುವ ತನಕ, ಪಂಚನಾಮೆ, ಪೋಸ್ಟ್‌ಮಾರ್ಟಮ್ ಎಲ್ಲ ಮುಗಿದು ಮಣ್ಣಿಗೆ ಒಯ್ಯುವ ತನಕ ಕಾಯಬೇಕು. ಎಷ್ಟೋ ಜನ ಈ ಡ್ಯೂಟಿ ಬೇಡವೇ ಬೇಡ ಅಂತ ತಪ್ಪಿಸಿಕೊಳ್ಳುತ್ತಿದ್ದರು, ಅವರನ್ನು ತಪ್ಪು ಅನ್ನೋಕೂ ಆಗಲ್ಲ.

ಅಪ್ಪನಿಗೆ ಇದು ಬಂದಿದ್ದು ಒಂದು ತಪ್ಪಿನಿಂದ. ಅದನ್ನು ಅವರೇ ನನಗೆ ಹೇಳಿದ್ದರು, ನಾನು ಕೆಲಸಕ್ಕೆ ಸೇರಿದ ಮೇಲೆ, ಒಂದೇ ಒಂದು ಸಲ. ಸೇರಿ ಎರಡು ವರ್ಷ ಆಗಿತ್ತಂತೆ. ರಾಣೆಬೆನ್ನೂರು ಹತ್ತಿರದ ಒಂದು ಹಳ್ಳಿಯ ಹುಡುಗ, ಲಾರಿ ಕ್ಲೀನರ್, ಹರಿಹರದ ಹತ್ತಿರ ಸತ್ತಿದ್ದ. ಅಪ್ಪ ಅವರ ಮನೆಗೆ ಹೋದರು. ವಯಸ್ಸಾದ ತಂದೆ ಒಬ್ಬನೇ ಇದ್ದ. ಬಾಯಿ ಬರಲಿಲ್ಲ. ಎಲ್ಲರೂ ಹೇಳುವ ಹಾಗೆ "ಸೀರಿಯಸ್ ಐತಿ, ಬರ್ರಿ" ಅಂದುಬಿಟ್ಟರು. ಸಿಕ್ಕ ಲಾರಿಯಲ್ಲಿ ಅಜ್ಜನನ್ನು ಕೂರಿಸಿಕೊಂಡು ಹೊರಟರು. ದಾರಿ ತುಂಬ ಆ ಅಜ್ಜ ದೇವರಗುಡ್ಡದ ಮಾಲತೇಶನಿಗೆ ಹರಕೆ ಹೊರುತ್ತಲೇ ಇದ್ದನಂತೆ. ಮಗ ಉಳಿದರೆ ಬರಿಗಾಲಲ್ಲಿ ಗುಡ್ಡಕ್ಕೆ ಬರುತ್ತೇನೆ. ಐದು ವರ್ಷ ಬರುತ್ತೇನೆ. ದೀಡ ನಮಸ್ಕಾರ ಹಾಕುತ್ತೇನೆ. ಪ್ರತಿ ಮೈಲಿಗೂ ಒಂದೊಂದು ಹೆಚ್ಚು. ಅಪ್ಪ ಪಕ್ಕದಲ್ಲೇ ಕೂತಿದ್ದರು, ಎಲ್ಲ ಗೊತ್ತಿದ್ದೂ.

ಆಸ್ಪತ್ರೆಯಲ್ಲಿ ಬಟ್ಟೆ ಸರಿಸಿದ ಮೇಲೆ ಅಜ್ಜ ಅಳಲಿಲ್ಲವಂತೆ. ಅಪ್ಪನ ಕಡೆ ತಿರುಗಿ, "ನಿಮಗ ಗೊತ್ತಿತ್ತೇನ್ರಿ ಸಾಹೇಬ್ರ?" ಅಂತ ಕೇಳಿದ. ಗೊತ್ತಿತ್ತು ಅಂದರು ಅಪ್ಪ. "ಬೈದಿದ್ರ ಚಲೋ ಇತ್ತವಾ. ಬೈಲಿಲ್ಲ" ಅಂದು ನನ್ನ ಹತ್ತಿರ ಸುಮ್ಮನಾದರು. ಆಮೇಲೆ ಇನ್ನೊಂದು ಮಾತು ಹೇಳಿದರು. ಆ ವರ್ಷ ದಸರೆಗೆ ದೇವರಗುಡ್ಡದ ಕಾರಣಿಕದ ಬಂದೋಬಸ್ತಿಗೆ ಹೋದಾಗ ಜನದ ನಡುವೆ ಆ ಅಜ್ಜ ಕಂಡ. ಬರಿಗಾಲಲ್ಲಿ. ಮಗ ಉಳಿಯಲಿಲ್ಲ, ಆದರೂ ಬಂದಿದ್ದ. ಹೊತ್ತ ಹರಕೆ ಹೊತ್ತದ್ದೇ ಅಲ್ವಾ.

ಅವತ್ತಿನಿಂದ ಅಪ್ಪ ಯಾರಿಗೂ 'ಸೀರಿಯಸ್' ಅಂತ ಹೇಳಲಿಲ್ಲ. ಅವರದೇ ಒಂದು ಕ್ರಮ ಮಾಡಿಕೊಂಡರು. ಮೊದಲು ಆ ಮನೆಗೆ ಹೋಗುತ್ತಿರಲಿಲ್ಲ, ಪಕ್ಕದ ಮನೆಗೆ ಹೋಗುತ್ತಿದ್ದರು. ಅಲ್ಲಿ ವಯಸ್ಸಾದ ಹೆಣ್ಣುಮಗಳು ಇದ್ದರೆ ಅವರಿಗೆ ವಿಷಯ ಹೇಳಿ ಜೊತೆಗೆ ಕರೆದುಕೊಳ್ಳುತ್ತಿದ್ದರು. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದರು. ಆಗಿನ ಕಾನ್‌ಸ್ಟೆಬಲ್ ಟೋಪಿ ನಿಮಗೆ ನೆನಪಿರಬಹುದು, ಒಂದು ಕಡೆ ಅಂಚು ಮೇಲಕ್ಕೆ ಮಡಚಿದ್ದು. 2025ರ ಅಕ್ಟೋಬರಿನಲ್ಲಿ ಅದನ್ನು ಬದಲಿಸಿ ಹೊಸ ಕ್ಯಾಪ್ ಕೊಟ್ಟ ಸುದ್ದಿ ಓದಿದಾಗ ನನಗೆ ಅಪ್ಪನ ಕಂಕುಳೇ ಕಣ್ಣಿಗೆ ಬಂತು. "ಟೋಪಿ ನೋಡಿದ ಕೂಡಲೇ ಜನ ಅರ್ಧ ಸಾಯ್ತಾರ" ಅನ್ನುತ್ತಿದ್ದರು.

ಒಳಗೆ ಹೋದ ಮೇಲೆ ಮೊದಲ ಕೆಲಸ ಒಲೆ ಆರಿಸೋದು. ಅದನ್ನು ಪಕ್ಕದ ಮನೆಯವರಿಗೇ ಹೇಳುತ್ತಿದ್ದರು. ಒಂದು ಮನೆಯಲ್ಲಿ ತಾಯಿ ರೊಟ್ಟಿ ಬಡಿಯುತ್ತಿದ್ದಳಂತೆ, ಸುದ್ದಿ ಕೇಳಿ ಹಾಗೇ ಒಲೆ ಮುಂದೆ ಕುಸಿದು ಕೈ ಸುಟ್ಟುಕೊಂಡಳು. ಆಮೇಲೆ ಎಲ್ಲರನ್ನೂ ಕೂರಿಸುವುದು. ನಿಂತವರಿಗೆ ಹೇಳಬಾರದು. ನೀರು ಕುಡಿಸುವುದು. ಆಮೇಲೆ ನೇರವಾಗಿ, ಹೆಸರು ಹಿಡಿದು, ತೀರಿಕೊಂಡಿದ್ದಾರೆ ಅಂತಲೇ ಹೇಳುವುದು. ಹೇಳಿ ಎದ್ದು ಬರುತ್ತಿರಲಿಲ್ಲ. ಅವರ ಕಡೆಯವರು ಯಾರಾದರೂ ಒಬ್ಬರು ಬರುವ ತನಕ ಅಲ್ಲೇ ಬಾಗಿಲ ಹತ್ತಿರ ಕೂತಿರುತ್ತಿದ್ದರು, ಎಷ್ಟು ಹೊತ್ತಾದರೂ. ಇದಕ್ಕಾಗಿ ಸ್ಟೇಷನ್ನಿನಲ್ಲಿ ಬೈಸಿಕೊಂಡಿದ್ದೂ ಇದೆ.

ಇನ್ನೊಂದು. ಸ್ಟೇಷನ್ನಿನಲ್ಲಿ, ಆಸ್ಪತ್ರೆಯಲ್ಲಿ ಎಲ್ಲರೂ ಬಾಡಿ ಅನ್ನುತ್ತಾರೆ. ಬಾಡಿ ಬಂತು, ಬಾಡಿ ಹೋಯ್ತು. ಅಪ್ಪ ಮನೆಯವರ ಮುಂದೆ ಆ ಮಾತು ಆಡುತ್ತಿರಲಿಲ್ಲ. ಹೆಸರು ಗೊತ್ತಿದ್ದರೆ ಹೆಸರು, ಗೊತ್ತಿಲ್ಲದಿದ್ದರೆ 'ನಮ್ಮ ತಮ್ಮ', 'ನಮ್ಮವ್ವ'.

ನಮಗೆ ಮಕ್ಕಳಿಗೆ ಇದೆಲ್ಲ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಹಂಡೆಯ ನೀರು. ಹೊತ್ತಲ್ಲದ ಹೊತ್ತಿನಲ್ಲಿ ಅವ್ವ ಹಿತ್ತಲಲ್ಲಿ ಹಂಡೆಗೆ ಬೆಂಕಿ ಹಾಕಿದರೆ ಅಪ್ಪ ಅಂಥ ಡ್ಯೂಟಿಗೆ ಹೋಗಿದ್ದಾರೆ ಅಂತ ಅರ್ಥ. ಅವ್ವನಿಗೆ ಸ್ಟೇಷನ್ನಿನಿಂದ ಯಾರೋ ಬಂದು ಹೇಳಿ ಹೋಗಿರುತ್ತಿದ್ದರು. ಅಪ್ಪ ಹಿತ್ತಲ ಬಾಗಿಲಿಂದ ಬಂದು, ಬಟ್ಟೆ ನೆನೆಹಾಕಿ, ಸ್ನಾನ ಮಾಡಿ, ಕಟ್ಟೆ ಮೇಲೆ ಬಂದು ಕೂರುತ್ತಿದ್ದರು. ಅವ್ವ ಏನೂ ಕೇಳುತ್ತಿರಲಿಲ್ಲ. ಅಪ್ಪ ನನ್ನನ್ನು ಕರೆದು, "ಪಾಠ ಓದವಾ, ಜೋರಾಗಿ ಓದು" ಅನ್ನುತ್ತಿದ್ದರು. ಯಾವ ಪಾಠ ಆದರೂ ಸರಿ. ಒಂದು ಸಲ ಭೂಗೋಳದ ಪುಸ್ತಕದಲ್ಲಿ ಮಣ್ಣಿನ ಬಗೆಗಳು ಅನ್ನೋ ಪಾಠವನ್ನು ಮೂರು ಸಲ ಓದಿಸಿದರು. ಕಪ್ಪು ಮಣ್ಣು, ಕೆಂಪು ಮಣ್ಣು, ಜೇಡಿ ಮಣ್ಣು. ನಾನು ಬೇಜಾರು ಮಾಡಿಕೊಂಡು ಓದುತ್ತಿದ್ದೆ. ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು.

ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟಡ ಬಿದ್ದಿದ್ದು 2019ರ ಮಾರ್ಚ್ 19ಕ್ಕೆ. ಅಪ್ಪನ ಸರ್ವಿಸ್ ಇನ್ನು ಎರಡೇ ತಿಂಗಳಿತ್ತು. ಹಗ್ಗ ಕಟ್ಟಿ ಜನರನ್ನು ತಡೆಯುವ ಕಡೆ ಹಾಕಿದ್ದರು. ಒಳಗೆ ಸಿಕ್ಕಿಕೊಂಡವರ ಮನೆಯವರು ಆ ಹಗ್ಗದ ಪಕ್ಕದಲ್ಲೇ ರಾತ್ರಿ ಹಗಲು ನಿಂತಿದ್ದರು, ಒಳಗಿರುವವರ ನಂಬರಿಗೆ ಮತ್ತೆ ಮತ್ತೆ ಫೋನ್ ಹಚ್ಚುತ್ತಾ. ಒಬ್ಬೊಬ್ಬರ ಫೋನಿನ ಚಾರ್ಜ್ ಮುಗಿಯತೊಡಗಿತು. ಅಪ್ಪ ಆ ಫೋನುಗಳನ್ನೆಲ್ಲ ತಗೊಂಡು, ಒಂದೊಂದಕ್ಕೂ ಚೀಟಿ ಅಂಟಿಸಿ, ಹತ್ತಿರದ ಅಂಗಡಿಯಲ್ಲಿ ಚಾರ್ಜಿಗೆ ಹಾಕಿಸಿ ತಂದು ತಂದು ಕೊಟ್ಟರಂತೆ. ಮೂರನೇ ದಿನಾನೂ ಜೀವಂತ ಹೊರಗೆ ಬಂದವರಿದ್ದರು, ಹಾಗಾಗಿ ಯಾರೂ ಆಸೆ ಬಿಡುವ ಹಾಗಿರಲಿಲ್ಲ. ಕೊನೆಗೆ 19 ಜನ ಹೋದರು. "ಅಲ್ಲಿ ಏನೂ ಹೇಳಾಕ ಆಗಲಿಲ್ಲ, ಯಾಕಂದ್ರ ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನ ಹೇಳಬಾರದು" ಅಂದಿದ್ದರು ಮನೆಗೆ ಬಂದು.

ರಿಟೈರ್ ಆದ ಮೇಲೆ ಅವರಿಗೆ ನಾವೇ ದೊಡ್ಡ ಫೋನ್ ಕೊಡಿಸಿದೆವು. 2021ರ ಜನವರಿಯಲ್ಲಿ ಧಾರವಾಡದ ಹತ್ತಿರ ಇಟ್ಟಿಗಟ್ಟಿಯಲ್ಲಿ ಆದ ಅಪಘಾತ ಯಾರಿಗೂ ಮರೆತಿಲ್ಲ. ದಾವಣಗೆರೆಯ ಗೆಳತಿಯರು ಸಂಕ್ರಾಂತಿ ಮುಗಿಸಿ ಗೋವಾಕ್ಕೆ ಹೊರಟಿದ್ದರು. ಹೊರಡುವಾಗ ಎಲ್ಲರೂ ಸೇರಿ ತೆಗೆದುಕೊಂಡ ಒಂದು ಸೆಲ್ಫಿ ಆವತ್ತು ಎಲ್ಲರ ಫೋನಿಗೂ ಬಂತು. ಎಷ್ಟು ನಗು ಇತ್ತು ಅದರಲ್ಲಿ. ನಾನೂ ನೋಡಿದೆ, ನೋಡಿ ಅತ್ತೆ, ನಮ್ಮ ಟೀಚರ್‌ಗಳ ಗ್ರೂಪಿಗೆ ಕಳಿಸಲು ಹೊರಟಿದ್ದೆ. ಅಪ್ಪ ಕೈ ಹಿಡಿದರು. "ಇವರ ಮಕ್ಕಳ ಕೈಯಾಗೂ ಫೋನ್ ಇರತೈತಲ್ಲವಾ" ಅಂದರು. ಅಷ್ಟೇ. ನನ್ನ ಫೋನಿನಿಂದ ಅದನ್ನು ತೆಗೆಸಿ, ತಮ್ಮ ಫೋನಿನಿಂದಲೂ ತೆಗೆಸಿ, ಸುಮಾರು ಹೊತ್ತು ಕಟ್ಟೆ ಮೇಲೆ ಕೂತಿದ್ದರು. ಆ ಹೊತ್ತಿಗೆ ನನಗೆ ಪೂರ್ತಿ ಅರ್ಥ ಆಗಿರಲಿಲ್ಲ. ನಲವಡಿ ದಾಟಿದ ಆ ಬಸ್ಸಿನಲ್ಲಿ ಅರ್ಥ ಆಯಿತು.

ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಕಳೆದ ವಾರ ನಮ್ಮ ಓಣಿಯ ಒಬ್ಬ ಹುಡುಗ ಬೈಕ್ ಅಪಘಾತದಲ್ಲಿ ಹೋದ. ಇಪ್ಪತ್ತೆರಡು ವರ್ಷ. ಅರ್ಧ ಗಂಟೆಯೊಳಗೆ ಬಿದ್ದ ಬೈಕಿನ ಫೋಟೋ ನಂಬರ್ ಪ್ಲೇಟ್ ಸಮೇತ ಫೋನಿನಲ್ಲಿ ಓಡಾಡಿತು, ಆಮೇಲೆ ಒಂದು ಸುದ್ದಿ ಪುಟದಲ್ಲಿ ಹೆಸರೂ ಬಂತು. ಅವನ ತಾಯಿ ಅದನ್ನು ನೋಡಿದ್ದು ಅಡುಗೆ ಮನೆಯಲ್ಲಿ, ಒಬ್ಬರೇ. ನಿಂತುಕೊಂಡು. ಒಲೆ ಮೇಲೆ ಅನ್ನ ಇತ್ತು. ಪೊಲೀಸರು ಬಂದಿದ್ದು ಮುಕ್ಕಾಲು ಗಂಟೆ ಆದ ಮೇಲೆ. ಒಬ್ಬ ಹುಡುಗ ಪಿಸಿ (ಪೊಲೀಸ್ ಕಾನ್‌ಸ್ಟೆಬಲ್), ತಡವಾಗಿ ಬಂದೆ ಅನ್ನೋದು ಅವನ ಮುಖದಲ್ಲೇ ಕಾಣುತ್ತಿತ್ತು. ಅವನು ತಡ ಮಾಡಿರಲಿಲ್ಲ ಪಾಪ. ಫೋನಿನ ಮುಂದೆ ಯಾರು ಓಡಿ ಗೆಲ್ಲೋಕಾಗುತ್ತೆ ಹೇಳಿ.

ನಾನು ಸುದ್ದಿ ಹಾಕಬೇಡಿ ಅನ್ನುತ್ತಿಲ್ಲ. ಹಾಕಲೇಬೇಕು. ಗಬ್ಬೂರಿನಿಂದ ನರೇಂದ್ರದವರೆಗಿನ ನಮ್ಮ ಹುಬ್ಬಳ್ಳಿ-ಧಾರವಾಡ ಬೈಪಾಸ್ ಎಷ್ಟು ಇಕ್ಕಟ್ಟು, ಎಷ್ಟು ಜೀವ ತಿಂದಿದೆ ಅಂತ ಪತ್ರಿಕೆಗಳು ವರ್ಷಗಟ್ಟಲೆ ಬರೆದವು, ಇದೇ ರಸ್ತೆಯ ಇಟ್ಟಿಗಟ್ಟಿಯಲ್ಲಿ ಹೋದ ಆ ಹೆಣ್ಣುಮಕ್ಕಳ ಕಡೆಯವರು ದಾವಣಗೆರೆಯಿಂದ ಬಂದು ರಸ್ತೆಯಲ್ಲೇ ನಿಂತು ಕೇಳಿದರು, ಆಮೇಲೆ ಅದನ್ನು ಅಗಲ ಮಾಡಲು ಶುರು ಮಾಡಿದರು. ಅಪ್ಪ ಪೇಪರ್ ಓದದೆ ಚಹಾ ಕುಡಿದವರಲ್ಲ. ಅಪಘಾತ ಎಲ್ಲಿ ಆಯಿತು, ಹೇಗೆ ಆಯಿತು, ಎಷ್ಟು ಜನ, ಎಲ್ಲ ಬರಲಿ. ತಕ್ಷಣ ಬರಲಿ. ಹೆಸರು, ಮುಖ, ಗಾಡಿ ನಂಬರ್ ಈ ಮೂರು ಮಾತ್ರ ಸ್ವಲ್ಪ ತಡೆಯಿರಿ ಅಂತ ಕೇಳುತ್ತಿದ್ದೇನೆ. ಹಾಕುವ ಮೊದಲು ನಿಮ್ಮ ವರದಿಗಾರರು ಆ ಸ್ಟೇಷನ್ನಿಗೆ ಹೇಗೂ ಫೋನ್ ಮಾಡೇ ಮಾಡುತ್ತಾರೆ. ಅದೇ ಫೋನಿನಲ್ಲಿ ಇನ್ನೊಂದು ಮಾತು ಕೇಳಲಿ, 'ಮನೆಯವರಿಗೆ ಹೇಳಿದ್ದೀರಾ?' ಇಲ್ಲ ಅಂದರೆ ಒಂದು ಗಂಟೆ ಕಾಯಲಿ. ಬೇರೆಯವರು ಮೊದಲು ಹಾಕಿಬಿಡುತ್ತಾರೆ ಅನ್ನೋ ಚಿಂತೆ ನಿಮಗೆ ಇರುತ್ತೆ, ನನಗೆ ಗೊತ್ತು. ಆದರೂ ಒಂದು ಪತ್ರಿಕೆ ಶುರು ಮಾಡಿದರೆ ಉಳಿದವರಿಗೂ ಮಾಡಬೇಕು ಅನಿಸಬಹುದು. ಓದುವ ನಾವೂ ಅಷ್ಟೇ, ಸ್ಟೇಷನ್ನಿಗೆ ಫೋನ್ ಮಾಡದಿದ್ದರೂ ಆ ಫೋಟೋ ಮುಂದಕ್ಕೆ ಕಳಿಸದೆ ಇರಬಹುದಲ್ಲ.

ಪೊಲೀಸ್ ಇಲಾಖೆಯ ದೊಡ್ಡವರು ಈ ಪತ್ರ ಓದಿದರೆ ಅವರಿಗೂ ಒಂದು ಮಾತು. ಪ್ರತಿ ವರ್ಷ ಅಕ್ಟೋಬರ್ 21ಕ್ಕೆ ಹುತಾತ್ಮರ ದಿನ ಮಾಡುತ್ತೀರಿ. 1959ರಲ್ಲಿ ಲಡಾಖಿನಲ್ಲಿ ಸತ್ತ ಹತ್ತು ಜನರಿಂದ ಹಿಡಿದು ಎಲ್ಲರನ್ನೂ ನೆನೆಯುತ್ತೀರಿ. ಅಪ್ಪ ರಿಟೈರ್ ಆದ ಮೇಲೂ ಬಿಳಿ ಅಂಗಿ ಹಾಕಿಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ನಿಂತು ಹೆಸರು ಓದುವುದನ್ನು ಕೊನೆಯವರೆಗೆ ಕೇಳಿ ಬರುತ್ತಿದ್ದರು. ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ಪರೇಡ್, ಕಾನೂನು, ಬಂದೂಕು ಎಲ್ಲ ಕಲಿಸುತ್ತೀರಿ, ಸಾವಿನ ಸುದ್ದಿಯನ್ನು ಒಂದು ಮನೆಗೆ ಹೇಗೆ ಹೇಳಬೇಕು ಅನ್ನೋದನ್ನೂ ಒಂದು ದಿನ ಕೂರಿಸಿ ಹೇಳಿಕೊಡಿ. ಓಣಿಗೆ ಬಂದ ಆ ಪಿಸಿ ಹುಡುಗನಿಗೆ ಏನು ಮಾಡಬೇಕು ಅಂತ ಗೊತ್ತಾಗದೆ ಟೋಪಿಯನ್ನು ಕೈಯಿಂದ ಕೈಗೆ ಬದಲಿಸುತ್ತಾ ನಿಂತಿದ್ದ. ಕೊನೆಗೆ ನಾನೇ ಅವನನ್ನು ಕಟ್ಟೆ ಮೇಲೆ ಕೂರಿಸಿ ನೀರು ಕೊಟ್ಟೆ.

ಅಪ್ಪನ ಮಣ್ಣಿಗೆ ತುಂಬ ಜನ ಬಂದಿದ್ದರು. ಪೊಲೀಸರು, ನೆಂಟರು ಸರಿ. ನಮಗೆ ಗುರುತೇ ಇಲ್ಲದ ಜನ ಬಂದಿದ್ದರು. ಕುಂದಗೋಳದ ಕಡೆಯ ಒಬ್ಬ ರೈತ, ತಲೆಗೆ ಟವೆಲ್ ಸುತ್ತಿಕೊಂಡು, ಎಲ್ಲ ಮುಗಿಯುವ ತನಕ ಒಂದು ಬದಿಗೆ ಕೂತಿದ್ದರು. ಸಂಜೆ ಆದರೂ ಹೋಗಲಿಲ್ಲ. ಊಟಕ್ಕೆ ಕರೆದರೆ ಬೇಡ ಅಂದರು. ಯಾರು ಅಂತ ತಮ್ಮ ಕೇಳಿದ. "ನಮ್ಮ ಅಣ್ಣ ಹೋದಾಗ ನಿಮ್ಮ ಅಪ್ಪಾರು ಬೆಳತನ ನಮ್ಮ ಬಾಗಿಲದಾಗ ಕುಂತಿದ್ರು. ಇವತ್ತ ನಾನು ಕುಂದ್ರತೀನಿ, ನೀವು ಒಳಗ ಹೋಗ್ರಿ" ಅಂದರು. ಬೆಳಿಗ್ಗೆ ನಾನು ಎದ್ದು ಬಂದಾಗ ಕಟ್ಟೆ ಮೇಲೆ ಇನ್ನೂ ಕೂತೇ ಇದ್ದರು.

ಮೂಲೆಯ ಟ್ರಂಕಿನಲ್ಲಿ ಅಪ್ಪನ ಜೇಬಿನ ಸಣ್ಣ ಡೈರಿಗಳಿವೆ, ಹನ್ನೊಂದು. ಹೋದ ತಿಂಗಳು ತೆಗೆದು ನೋಡಿದೆ. ಅಂಥ ಡ್ಯೂಟಿಗೆ ಹೋದ ದಿನ ಎರಡು ಸಾಲು ಬರೆದಿದ್ದಾರೆ. ಮನೆಯವರಿಗೆ ತಿಳಿಸಿದ ಹೊತ್ತು ಒಂದು ಸಾಲು. ಅದರ ಕೆಳಗೆ, ತಾವು ಎದ್ದು ಬರುವಾಗ ಆ ಮನೆಯಲ್ಲಿ ಜೊತೆಗೆ ಯಾರಿದ್ದರು ಅಂತ. 'ಸೋದರಮಾವ ಬಂದರು.' 'ಪಕ್ಕದ ಮನೆ ಅಜ್ಜಿ ಮಲಗಲು ಒಪ್ಪಿದ್ದಾರೆ.' 'ಮಗಳು ಗದಗದಿಂದ ರಾತ್ರಿ 11ಕ್ಕೆ ಮುಟ್ಟಿದಳು.' ಇವು ಬೇರೆಯವರ ಮನೆಯ ದುಃಖ, ಅಚ್ಚು ಹಾಕಲು ಕೊಡೋಕಾಗಲ್ಲ. ಆದರೆ ನಿಮ್ಮ ಹುಬ್ಬಳ್ಳಿಯ ವರದಿಗಾರರು, ಅದರಲ್ಲೂ ಕ್ರೈಂ ಸುದ್ದಿ ಬರೆಯುವ ಹೊಸ ಹುಡುಗರು ಯಾರಾದರೂ ಬಂದರೆ ಕೂತು ನೋಡಿ ಹೋಗಬಹುದು. ಭಾನುವಾರ ನಾನು ಮನೆಯಲ್ಲೇ ಇರುತ್ತೇನೆ. ಅವ್ವ ಚಹಾ ಮಾಡುತ್ತಾರೆ.

– ನಿವೃತ್ತ ಎಎಸ್‌ಐ ಒಬ್ಬರ ಮಗಳು, ಹುಬ್ಬಳ್ಳಿ